ಅವ್ವ ಕಟ್ಟಿದ ಆಸಿಲೋಸ್ಕೋಪ್

ಹಳೆಯ ಯಂತ್ರಗಳ ಮೇಲೆ ನನಗೆ ಮೊದಲಿನಿಂದ ಪ್ರೀತಿಯೇನೂ ಇರಲಿಲ್ಲ. ಅವ್ವ ಹೋದ ಮೇಲೆ ಹಿಡಿದ ಹುಚ್ಚು ಇದು. ಅವಳು ಪುಣೆಯ ಭೋಸರಿಯ ಒಂದು ಸಣ್ಣ ಕಾರ್ಖಾನೆಯಲ್ಲಿ ಆಸಿಲೋಸ್ಕೋಪ್‌ಗಳಿಗೆ ವೈರಿಂಗ್ ಮಾಡುತ್ತಿದ್ದಳು. ಕರೆಂಟಿನ ಅಲೆಯನ್ನು ಪರದೆಯ ಮೇಲೆ ಹಸಿರು ಗೆರೆಯಾಗಿ ತೋರಿಸುವ ಪೆಟ್ಟಿಗೆ ಅದು; ಕಾಲೇಜಿನ ಲ್ಯಾಬುಗಳಲ್ಲಿ, ರೇಡಿಯೋ ರಿಪೇರಿಯವರ ಮೇಜಿನ ಮೇಲೆ ಇರುತ್ತಿತ್ತು. ಈಗ ಅವ್ವನೂ ಇಲ್ಲ, ಕಾರ್ಖಾನೆಯೂ ಇಲ್ಲ. ಆ ಜಾಗದಲ್ಲಿ ಕಾರಿನ ಶೋರೂಮ್ ಎದ್ದಿದೆ.

ಹೀಗಾಗಿ ಭಾನುವಾರ ಬಂತೆಂದರೆ ಹಳೆ ಸಾಮಾನು ಮಾರುವ ಜೂನಾ ಬಾಜಾರಿಗೆ ಹೊರಡುತ್ತಿದ್ದೆ. ಗುಜರಿಯ ರಾಶಿಯಲ್ಲಿ ಆ ಕಾರ್ಖಾನೆಯ ಪೆಟ್ಟಿಗೆ ಕಂಡರೆ ಮುಚ್ಚಳ ಬಿಚ್ಚಿಸಿ ಒಳಗೆ ಇಣುಕುತ್ತಿದ್ದೆ. ಕೊಳ್ಳದೆ ಎದ್ದು ಹೋಗುವ ನನ್ನನ್ನು ಕಂಡರೆ ಮಾರುವವರಿಗೆ ಮೈಯೆಲ್ಲ ಉರಿ. ನಾನು ಹುಡುಕುತ್ತಿದ್ದದ್ದು ಒಂದು ಬಗೆಯ ಗಂಟನ್ನು.

ಆ ಕಾಲದಲ್ಲಿ ಒಳಗಿನ ತಂತಿಗಳನ್ನು ಒಟ್ಟುಗೂಡಿಸಿ ಮೇಣದ ದಾರದಿಂದ ಕಟ್ಟುತ್ತಿದ್ದರು. ಜೊತೆಯ ಹೆಂಗಸರೆಲ್ಲ ಹೇಳಿಕೊಟ್ಟ ಹಾಗೆ ಕಟ್ಟಿದರು. ಅವ್ವ ಗದಗಿನವಳು, ಮಲ್ಲಿಗೆ ಕಟ್ಟಿ ಬೆಳೆದ ಬೆರಳು. ತಂತಿಗಳನ್ನೂ ಹೂವಿನ ಹಾಗೇ ಕಟ್ಟಿದಳು. ಪುಣೆಯಲ್ಲಿ ಗಜರೆಯ ಹೂವನ್ನು ಸೂಜಿಯಲ್ಲಿ ಪೋಣಿಸುತ್ತಾರೆ, ಈ ಗಂಟು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಸೂಪರ್‌ವೈಸರ್ ಮೊದಲು ಗದರಿದನಂತೆ, ಆಮೇಲೆ ಜಗ್ಗಿ ನೋಡಿ ಸುಮ್ಮನಾದನಂತೆ. ಅದನ್ನು ಹೇಳುವಾಗ ಅವ್ವನ ಜಂಬ ನೋಡಬೇಕಿತ್ತು.

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಕೊನೆಗೂ ಅದು ಸಿಕ್ಕಿತು. ಧೂಳಿನ ಅಡಿಯಲ್ಲಿ, ಹಳದಿಗಟ್ಟಿದ ದಾರದಲ್ಲಿ, ಸಾಲಾಗಿ ಅವ್ವನ ಗಂಟುಗಳು. ಬಾಜಾರಿನ ನಡುವೆಯೇ ಕೂತು ಅತ್ತುಬಿಟ್ಟೆ. ಮಾರುವವನು ಗಾಬರಿಯಾಗಿ ನೀರು ತಂದುಕೊಟ್ಟ.

ಪೆಟ್ಟಿಗೆಯನ್ನು ವಾಕಡದಲ್ಲಿರುವ ನಮ್ಮ ಪರಿಚಯದ ಹಿರಿಯರೊಬ್ಬರ ಬಳಿ ಒಯ್ದೆ. ಹುಬ್ಬಳ್ಳಿ ಕಡೆಯವರು. ಪುಣೆಯಲ್ಲಿ ತಯಾರಾದ ಇಂಥ ಯಂತ್ರಗಳನ್ನೆಲ್ಲ ಕೂಡಿಸಿ, ರಿಪೇರಿ ಮಾಡಿ, ಮಾಡಿದವರ ಹೆಸರು ಬರೆದ ಕಾರ್ಡಿನೊಂದಿಗೆ ಒಂದು ಕಾಲೇಜಿನಲ್ಲಿ ಇಡಲು ಹೊರಟಿದ್ದರು.

ಒಳಗೆಲ್ಲ ನೋಡಿ ಅವರು ಹೇಳಿದರು: "ಕೆಪಾಸಿಟರ್ ಸತ್ತದ, ತಂಗಿ. ಈ ತಂತಿ ಕಟ್ಟಿನ ಕೆಳಗ ಕುಂತದ. ದಾರ ಕತ್ತರಿಸಬೇಕಾಗ್ತದ."

"ಬ್ಯಾಡ್ರೀ ಅಣ್ಣಾರ. ಹಂಗ ಇರಲಿ."

"ನಡೀಲಾರದ್ದು ನಾ ಇಡಂಗಿಲ್ಲ. ನಡೀಲಿಲ್ಲಂದ್ರ ಗುಜರಿ ಅದು."

ಮೇಜಿನ ಮೇಲೆ ಅವರು ಬರೆದಿಟ್ಟ ಕಾರ್ಡು ಇತ್ತು. 'ಕಂಪನಿ ಕಟ್ಟಿದವರು' ಎಂದು ಮಾಲೀಕರ ಹೆಸರು. ನನಗೆ ಎಲ್ಲಿತ್ತೋ ಸಿಟ್ಟು.

"ಕಟ್ಟಿದಾಕಿ ನಮ್ಮವ್ವ ರೀ! ಅವರು ಕುರ್ಚಿ ಮ್ಯಾಲೆ ಕುಂತಿದ್ರು."

ಅವರು ನಗಲಿಲ್ಲ. ಕಾರ್ಡನ್ನು ತಮ್ಮ ಕಡೆ ಎಳೆದುಕೊಂಡು ಹೇಳಿದರು: "ಹಂಗಾರ ಅಕಿ ಹೆಸರೂ ಬರೀತೀನಿ. ಆದ್ರ ಪೆಟ್ಟಿಗಿ ನಡೀಬೇಕು."

ಅವ್ವನ ಹೆಸರು ಜಗತ್ತಿನಲ್ಲಿ ಎಲ್ಲೂ ಅಚ್ಚಾದದ್ದಿಲ್ಲ, ಪಡಿತರ ಚೀಟಿ ಬಿಟ್ಟರೆ. ಗಂಟು ಉಳಿಸಿಕೊಂಡರೆ ಅದು ನನ್ನ ಮನೆಯ ಕಪಾಟಿನಲ್ಲಿ ಕೂರುತ್ತದೆ. ಬಿಟ್ಟುಕೊಟ್ಟರೆ ನಾಲ್ಕು ಜನ ಅವಳ ಹೆಸರು ಓದುತ್ತಾರೆ. ಎರಡು ವಾರ ನಿದ್ದೆಗೆಟ್ಟೆ. ಕೊನೆಗೆ ಹೋಗಿ, ಕತ್ತರಿ ಮುಟ್ಟಬೇಡಿ, ನಾನೇ ಬಿಚ್ಚುತ್ತೇನೆ ಎಂದೆ.

ಅವರು ಮೊದಲು ಎಲ್ಲ ಕಡೆಯಿಂದ ಫೋಟೋ ತೆಗೆದರು. ನಾನು ದಬ್ಬಣದ ಮೊನೆಯಿಂದ ಒಂದೊಂದೇ ಗಂಟು ಸಡಿಲಿಸಿದೆ. ಗಟ್ಟಿ ಹೆಂಗಸು, ಗಟ್ಟಿಯಾಗಿಯೇ ಕಟ್ಟಿದ್ದಳು. ಮೇಣ ಪುಡಿಪುಡಿಯಾಗಿ ಉಗುರಿನ ಸಂದಿಗೆ ಸೇರುತ್ತಿತ್ತು. ಪ್ರತಿ ಗಂಟು ಬಿಚ್ಚಿದಾಗಲೂ, ತಪ್ಪಾಯಿತು ಅವ್ವ, ಎಂದು ಒಳಗೇ ಹೇಳಿಕೊಂಡೆ. ಮಧ್ಯಾಹ್ನದ ಊಟದ ಹೊತ್ತಿಗೆ ದಾರವೆಲ್ಲ ನನ್ನ ಮಡಿಲಲ್ಲಿತ್ತು, ಗಂಟಿದ್ದ ಕಡೆಯಲ್ಲೆಲ್ಲ ಸುಕ್ಕುಸುಕ್ಕು.

ಹೊಸ ಕೆಪಾಸಿಟರ್ ಕೂತಿತು. ಗುಂಡಿ ಒತ್ತಿದರು. ಪರದೆ ಸ್ವಲ್ಪ ಹೊತ್ತು ಕಪ್ಪಾಗಿಯೇ ಇದ್ದು, ಆಮೇಲೆ ಹಸಿರು ಗೆರೆ ಮೂಡಿತು. ಅವರು ಚಪ್ಪಾಳೆ ತಟ್ಟಿದರು. ನನಗೂ ಸಂತೋಷವಾಯಿತು, ಸುಳ್ಳು ಹೇಳಲಾರೆ.

"ಈಗ ಕಟ್ಟಿಬಿಡು ಮತ್ತ, ನಿಮ್ಮವ್ವ ಕಟ್ಟಿದಂಗ," ಎಂದರು.

ಪುಣೆಯಲ್ಲಿ ಹುಟ್ಟಿ ಬೆಳೆದವಳು ನಾನು. ಹೂವನ್ನು ಸೂಜಿಯಲ್ಲಿ ಪೋಣಿಸಲು ಬರುತ್ತದೆ, ಕಟ್ಟಲು ಬರುವುದಿಲ್ಲ. ಫೋಟೋ ಮುಂದಿಟ್ಟುಕೊಂಡು ದಾರ ಸುತ್ತಿದೆ, ಜಾರಿತು. ಮತ್ತೆ ಸುತ್ತಿದೆ, ಮತ್ತೆ ಜಾರಿತು. ಗಂಟು ಕಾಣುತ್ತದೆ, ಬೆರಳು ಯಾವ ಕಡೆಯಿಂದ ಹೋಯಿತೆಂದು ಫೋಟೋದಲ್ಲಿ ಕಾಣುವುದಿಲ್ಲ. ಅವರು ತಂತಿ ಬಿಗಿಯುವ ಪ್ಲಾಸ್ಟಿಕ್ ಕೇಬಲ್ ಟೈಗಳ ಪೊಟ್ಟಣವನ್ನು ನನ್ನ ಕಡೆ ಸರಿಸಿದರು. ನಾನು ಅವನ್ನೇ ಹಾಕಿ ಮುಚ್ಚಳ ಮುಚ್ಚಿದೆ.

ಈಗ ಅದು ಕಾಲೇಜಿನ ಗಾಜಿನ ಕಪಾಟಿನಲ್ಲಿ ನಡೆಯುತ್ತಿದೆ. ಕಾರ್ಡಿನ ಮೇಲೆ 'ತಂತಿ ಕಟ್ಟಿದವರು' ಎಂದು ಅವ್ವನ ಹೆಸರಿದೆ. ಒಳಗೆ ಅವಳು ಕಟ್ಟಿದ್ದು ಒಂದೂ ಇಲ್ಲ.