ಹನ್ನೆರಡನೆಯ ಬಲಗಾಲು

ನಮ್ಮ ಮನೆಯ ನೇಲ್ ಕಟರಿಗೆ ಖಾಯಂ ವಿಳಾಸವೆಂಬುದಿರಲಿಲ್ಲ. ಇವತ್ತು ಟಿ.ವಿ. ಮೇಜಿನ ಮೇಲಿದ್ದರೆ ನಾಳೆ ದೇವರ ಅಲ್ತಾರಿನ ಮೇಣದಬತ್ತಿಗಳ ನಡುವೆ, ನಾಡಿದ್ದು ಒಣಮೀನಿನ ಡಬ್ಬಿಯ ಹಿಂದೆ. ಕಳೆದುಹೋದ ವಸ್ತುಗಳನ್ನು ಹುಡುಕಿಕೊಡುವ ಸಂತ ಅಂತೋನಿಯವರಿಗೆ ನಮ್ಮ ಮನೆಯಿಂದ ಹೋದ ಪ್ರಾರ್ಥನೆಗಳಲ್ಲಿ ಅರ್ಧಪಾಲು ಈ ಬೆರಳುದ್ದದ ಉಕ್ಕಿನ ತುಂಡಿಗೇ ಸಂದಿರಬೇಕು. ಸಿಕ್ಕಿದೊಡನೆ ನನ್ನ ಗಂಡ ಹೆನ್ರಿ ಅದನ್ನು ಹಿಡಿದುಕೊಂಡು ಸ್ನಾನದ ಕೋಣೆಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಿದ್ದರು. ಆಮೇಲೆ ಒಳಗಿನಿಂದ ಟಕ್, ಟಕ್ ಎಂಬ ಸದ್ದು. ನೀವು ನಗಬಹುದು ಮಿತ್ರರೇ, ಆದರೆ ಆ ಸದ್ದಿಗೆ ಹೊರಗೆ ನಿಂತ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು.

ಹೆನ್ರಿ ಮಸ್ಕತ್ತಿನಲ್ಲಿ ಬಹುಕಾಲ ದುಡಿದು ಬಂದವರು. ಅಲ್ಲಿಂದ ತಂದ ಅತ್ತರು, ಟೇಪ್ ರೆಕಾರ್ಡರು, ಕಂಬಳಿ ಎಲ್ಲ ಮುಗಿದೋ ಹರಿದೋ ಹೋದವು. ಬಾಳಿಕೆ ಬಂದದ್ದು ಸಕ್ಕರೆ ಕಾಯಿಲೆಯೊಂದೇ. ಎರಡು ವರ್ಷಗಳ ಹಿಂದೆ ತಾವೇ ಕಾಲಿನ ಉಗುರು ತೆಗೆಯಲು ಹೋಗಿ, ಹೊಟ್ಟೆ ಅಡ್ಡ ಬಂದು ಬಗ್ಗಲಾಗದೆ, ಕಾಣದ ಬೆರಳಿಗೆ ಅಂದಾಜಿನಲ್ಲಿ ಕಟರ್ ಒತ್ತಿದರು. ಸಣ್ಣ ಗಾಯ ದೊಡ್ಡದಾಯಿತು, ದೊಡ್ಡದು ಕಪ್ಪಾಯಿತು, ಕೊನೆಗೆ ಬಲಗಾಲಿನ ಹೆಬ್ಬೆರಳ ಪಕ್ಕದ ಬೆರಳನ್ನು ಆಸ್ಪತ್ರೆಯಲ್ಲಿ ಬಿಟ್ಟು ಬರಬೇಕಾಯಿತು. ಇನ್ನು ಮುಂದೆ ಉಗುರು ಮನೆಯವರೇ ತೆಗೆಯಬೇಕು, ಮತ್ತೊಂದು ಗಾಯವಾದರೆ ಅದು ಬೆರಳಿಗೇ ನಿಲ್ಲುವುದಿಲ್ಲ ಎಂದು ಡಾಕ್ಟರು ಹೇಳಿ ಕಳಿಸಿದರು. ಹೆನ್ರಿ ತಲೆಯಾಡಿಸಿದರು, ಮನೆಗೆ ಬಂದರು, ಕಾಲುಚೀಲ ಏರಿಸಿದರು. ಅಂದಿನಿಂದ ಆ ಪಾದವನ್ನು ನಾನೂ ನೋಡಲಿಲ್ಲ. ನೆಂಟರಿಗೆ 'ಕಾಲು ಸ್ವಲ್ಪ ಉಳುಕಿತ್ತು' ಎಂಬ ಪ್ರಕಟಣೆ ಹೊರಟಿತು. ಬಾಯಿ ಬಿಡಬಾರದೆಂದು ನನ್ನಿಂದ ಆಣೆ ಹಾಕಿಸಿಕೊಂಡರು. ಊರಿನ ಮಕ್ಕಳ ಕಾಗುಣಿತ ತಿದ್ದುತ್ತಲೇ ನಿವೃತ್ತಳಾದ ಕನ್ನಡ ಟೀಚರ್ ನಾನು. ಒಂದು ಚಿಲಕ ತೆಗೆಸಲು ನನ್ನಿಂದಾಗಲಿಲ್ಲ.

ಹಾಗೆಂದು ನಮ್ಮ ಮಂಗಳೂರಿನಲ್ಲಿ ಸಕ್ಕರೆ ಕಾಯಿಲೆ ಮುಚ್ಚಿಡುವ ಸಂಗತಿಯೇನಲ್ಲ. ಭಾನುವಾರ ಪೂಜೆ ಮುಗಿಸಿ ಹೊರಬಂದ ಗಂಡಸರು ತಂತಮ್ಮ ಶುಗರನ್ನು ಮೊಮ್ಮಕ್ಕಳ ಪರೀಕ್ಷೆಯ ಅಂಕಗಳಂತೆ ಹೇಳಿಕೊಂಡು ಬೀಗುತ್ತಾರೆ. ಆದರೆ ಬೆರಳು ಹೋಯಿತು ಎಂದು ಯಾರೂ ಹೇಳುವುದಿಲ್ಲ, ಅದು ಫೇಲಾದಂತೆ. ಏಪ್ರಿಲಿನ ಬೆವರಿಳಿಸುವ ಸೆಕೆಯಲ್ಲೂ ಬೂಟು ಕಳಚದ ಹೆನ್ರಿಯನ್ನು ಕಂಡು 'ಗಲ್ಫಿನ ಗತ್ತು ಇನ್ನೂ ಇಳಿದಿಲ್ಲ' ಎಂದು ಜನ ಆಡಿಕೊಂಡರು. ನಮ್ಮ ವಿಗಾರರ, ಅಂದರೆ ಚರ್ಚಿನ ದೊಡ್ಡ ಪಾದ್ರಿಗಳ ಬಗ್ಗೆಯೂ ಇಂಥದ್ದೇ ಮಾತಿತ್ತು. ಹಿಂದಿನ ವರ್ಷ ಶುಭ ಶುಕ್ರವಾರ ಎಲ್ಲರೂ ಬರಿಗಾಲಲ್ಲಿ ಶಿಲುಬೆಗೆ ನಮಿಸುವಾಗ ಫಾದರ್ ಮಾತ್ರ ಬೂಟಿನಲ್ಲೇ ಬಂದರೆಂದು ಊರಿಗೆ ಒಂದು ವಾರದ ವಿಷಯ ಸಿಕ್ಕಿತ್ತು.

ಹೀಗಿರುವಾಗ ತಪಸ್ಸುಕಾಲ ಬಂತು. ಈಸ್ಟರಿಗೆ ಮುಂಚಿನ ಈ ನಲವತ್ತು ದಿನ ನಾವು ಮಾಂಸ ಬಿಡುತ್ತೇವೆ, ಮದ್ಯ ಬಿಡುತ್ತೇವೆ, ಮೀಟಿಂಗನ್ನು ಮಾತ್ರ ಬಿಡುವುದಿಲ್ಲ. ಈಸ್ಟರ್ ಸಂಭ್ರಮ ಸಮಿತಿ ರಚನೆಯಾಯಿತು. ಬರೆಯಲು ಬಲ್ಲವಳೆಂಬ ಏಕೈಕ ಅಪರಾಧಕ್ಕೆ ನಾನು ಕಾರ್ಯದರ್ಶಿಯಾದೆ. ಕೊಟ್ಟಾರದಲ್ಲಿ ಇವೆಂಟ್ ಮ್ಯಾನೇಜ್‌ಮೆಂಟಿನ ಆಫೀಸು ಇಟ್ಟಿರುವ ವಿಲ್ಫ್ರೆಡ್‌ಬಾಬ್ ಸಂಚಾಲಕರು. ಮಾಂಸ ತ್ಯಜಿಸಿದ ನಮ್ಮ ದುಃಖಕ್ಕೆ ಸಮಾಧಾನವಾಗಿ ಮೊಟ್ಟೆ ಪಫ್ಸ್ ತರಿಸಿ ಅವರು ಮೊದಲ ಪ್ರಶ್ನೆ ಎತ್ತಿದರು.

"ಈ ವರ್ಷದ ಈಸ್ಟರಿಗೆ ಥೀಮ್ ಎಂತ?"

"ಪುನರುತ್ಥಾನ ಅಲ್ವಾ?" ಎಂದೆ.

"ಅದು ಪ್ರತಿ ವರ್ಷ ಇರ್ತದೆ ಟೀಚರ್. ಈ ವರ್ಷದ್ದು ಎಂತ?"

ಸತ್ತವನೊಬ್ಬ ಮೂರನೆಯ ದಿನ ಎದ್ದು ಬಂದದ್ದು ಸಾಲದೆಂದು ಸಮಿತಿಗೆ ಮನವರಿಕೆಯಾಯಿತು. ನೆರೆಯ ಚರ್ಚಿನವರು ಹೋದ ವರ್ಷ ಡ್ರೋನ್ ಹಾರಿಸಿದ್ದರು. ನಾವು ಎಲ್‌ಇಡಿ ಪರದೆ ಹಾಕಿಸಿ, ದುಬೈ, ಕೆನಡಾಗಳಲ್ಲಿರುವ ನಮ್ಮವರಿಗೆ ನೇರಪ್ರಸಾರ ಮಾಡುವುದೆಂದಾಯಿತು. ಬಂದರಿನಿಂದ ಸಗಟು ಗೋಡಂಬಿ ತರಿಸಿ, ಅರೆದು, ಸಕ್ಕರೆಯಲ್ಲಿ ಕಾಸಿ ಮೊಟ್ಟೆಯ ಆಕಾರಕ್ಕೆ ತಟ್ಟುವ ಮಾರ್ಜಿಪಾನಿನ ಸ್ಪರ್ಧೆ ನಿಗದಿಯಾಯಿತು. ಮೊಟ್ಟೆ ಹೊಸ ಜೀವದ ಸಂಕೇತವಂತೆ, ನಮ್ಮ ಮೊಟ್ಟೆಯ ಒಳಗೆ ಇದ್ದುದು ಬರೀ ಇನ್ಸುಲಿನ್ನಿನ ಹಾದಿ. ಮಕ್ಕಳಿಗೆ ಮೊಲದ ವೇಷ ತೊಟ್ಟವರೊಬ್ಬರು ಬೇಕೆಂದರು. ಮೊಲಕ್ಕೂ ಯೇಸುವಿನ ಉತ್ಥಾನಕ್ಕೂ ಏನು ಸಂಬಂಧವೆಂದು ಯಾರೋ ಕೇಳಿದಾಗ ಎಲ್ಲರೂ ಫಾದರ್ ಮುಖ ನೋಡಿದರು. "ನನಗೆ ಗೊತ್ತಿಲ್ಲ ಮಾರಾಯ್ರೆ, ಸೆಮಿನರಿಯಲ್ಲಿ ಮೊಲದ ಪಾಠ ಇರಲಿಲ್ಲ," ಎಂದು ಅವರು ಗಂಭೀರವಾಗಿಯೇ ಹೇಳಿದರು. ಮೊಲ ಪಾಸಾಯಿತು.

ನಿಜವಾದ ಸಮರ ಶುರುವಾದದ್ದು ಪಾದ ತೊಳೆಯುವ ವಿಚಾರಕ್ಕೆ. ಯೇಸು ಸೆರೆಸಿಕ್ಕುವ ಮುಂಚಿನ ಸಂಜೆ ಸೊಂಟಕ್ಕೆ ವಸ್ತ್ರ ಕಟ್ಟಿಕೊಂಡು ಶಿಷ್ಯರ ಪಾದ ತೊಳೆದ ನೆನಪಿಗೆ, ಪವಿತ್ರ ಗುರುವಾರ ಪಾದ್ರಿಗಳು ಹನ್ನೆರಡು ಮಂದಿಯ ಪಾದ ತೊಳೆಯುತ್ತಾರೆ. ದೊಡ್ಡವನು ಬಾಗಬೇಕು ಎಂಬುದು ಅದರ ಪಾಠ. ನಮ್ಮಲ್ಲಿ ಮಾತ್ರ ಬಾಗುವವರ ಮೇಲೆ ಯಾರ ಕಣ್ಣೂ ಇರುವುದಿಲ್ಲ, ತೊಳೆಸಿಕೊಳ್ಳುವವರ ಕುರ್ಚಿಯ ಮೇಲೆ ಇರುತ್ತದೆ. ಚರ್ಚಿನ ಹನ್ನೆರಡು ವಾರ್ಡುಗಳಿಂದ ತಲಾ ಒಂದು ಪಾದ. ನಮ್ಮ ವಾರ್ಡಿನಲ್ಲಿ ಚರ್ಚಿಗೆ ಫ್ಯಾನು ಕೊಟ್ಟವರಿಗೂ ಗ್ರಾನೈಟು ಹಾಸಿಸಿದವರಿಗೂ ಜಿದ್ದು ಬಿತ್ತು. ಫ್ಯಾನಿನ ರೆಕ್ಕೆಯ ಮೇಲೆ ಒಬ್ಬರ ಹೆಸರು ತಿರುಗುತ್ತದೆ, ನೆಲದ ಮೇಲೆ ಇನ್ನೊಬ್ಬರದ್ದನ್ನು ನಾವು ತುಳಿಯುತ್ತೇವೆ; ಯಾರು ಹೆಚ್ಚೆಂದು ದೇವರೂ ಹೇಳಲಾರ. ಎರಡು ಕಡೆಯವರೂ ಸೋಲಲೊಪ್ಪದೆ ಹೋದಾಗ ವಾರ್ಡಿನ ಗುರಿಕಾರ್ತಿ, ಅಂದರೆ ಮುಖ್ಯಸ್ಥೆ, ಸ್ಟೆಲ್ಲಾಬಾಯಿ ನೇರ ನಮ್ಮ ಮನೆಗೆ ಬಂದು ಹೆನ್ರಿಯ ಮುಂದೆ ಕುಳಿತರು.

"ನಿಮಗೆ ಯಾರ ವಿರೋಧವೂ ಇಲ್ಲ ಹೆನ್ರಿಬಾಬ್. ನೀವು ಎಂತ ಕೊಟ್ಟದ್ದೂ ಇಲ್ಲ, ಎಂತ ಹೇಳಿದ್ದೂ ಇಲ್ಲ. ನೀವೇ ಆಗ್ಬೇಕು."

ಇಷ್ಟು ಚೆಂದದ ಪ್ರಶಂಸಾಪತ್ರ ನನ್ನ ಗಂಡನಿಗೆ ಜನ್ಮದಲ್ಲಿ ಸಿಕ್ಕಿರಲಿಲ್ಲ. ಬೇಡವೆನ್ನಲು ಕಾರಣ ಹೇಳಬೇಕು, ಕಾರಣ ಕಾಲುಚೀಲದೊಳಗೆ ಇತ್ತು. "ಆಯ್ತು," ಎಂದರು. ಸ್ಟೆಲ್ಲಾಬಾಯಿ ಹೋದ ಮೇಲೆ ನಾನು ಬಾಯಿ ತೆರೆಯುವ ಮೊದಲೇ, "ಎಡಗಾಲು ಕೊಡ್ತೇನೆ, ನೀನು ಎಂತ ಮಾತಾಡ್ಬೇಡ," ಎಂದು ಪೇಪರು ಎತ್ತಿಕೊಂಡರು. ಮನೆಯಲ್ಲಿ ನಾವಾಡುವುದು ಕೊಂಕಣಿ, ನಿಮಗಾಗಿ ಕನ್ನಡಕ್ಕೆ ತಿರುಗಿಸಿದ್ದೇನೆ. ಪೇಪರು ತಲೆಕೆಳಗಾಗಿತ್ತು ಎಂಬುದಕ್ಕೆ ಅನುವಾದ ಬೇಡ.

ಅದೇ ವಾರ ಕದ್ರಿಯಲ್ಲಿ ಬ್ಯೂಟಿ ಪಾರ್ಲರ್ ನಡೆಸುವ ಸುಜಾತಕ್ಕ ತರಕಾರಿ ಅಂಗಡಿಯಲ್ಲಿ ಸಿಕ್ಕಿದರು. "ಎಂತ ಟೀಚರೇ, ನಿಮ್ಮ ಚರ್ಚಿನಲ್ಲಿ ಮದುವೆ ಉಂಟಾ? ಗಂಡಸರೆಲ್ಲ ಕಾಲು ಮಾಡಿಸ್ಲಿಕ್ಕೆ ಬರ್ತಾ ಇದ್ದಾರೆ. ಒಬ್ಬರಂತೂ ಹಿಮ್ಮಡಿ ಕನ್ನಡಿ ಹಾಗೆ ಆಗ್ಬೇಕು ಅಂದ್ರು!" ತೊಳೆಸಿಕೊಳ್ಳಲು ಹೋಗುವ ಪಾದವನ್ನು ಮೊದಲೇ ತೊಳೆಸಿಟ್ಟುಕೊಳ್ಳುವ ಈ ಜಾಣತನ ಹೊಸದೇನಲ್ಲ, ಮಿತ್ರರೇ. ಪಾಪನಿವೇದನೆಗೆ ಹೋಗುವಾಗಲೂ ನಾವು ಹೇಳಬಹುದಾದ ಪಾಪಗಳನ್ನಷ್ಟೇ ಆರಿಸಿ, ಇಸ್ತ್ರಿ ಹಾಕಿ ಒಯ್ಯುವವರಲ್ಲವೇ. ಹೇಳಲಾಗದ್ದೆಲ್ಲ ಚಿಲಕ ಹಾಕಿದ ಬಾಗಿಲ ಹಿಂದೆ ಟಕ್ ಟಕ್ ಎನ್ನುತ್ತಿರುತ್ತದೆ.

ರಿಹರ್ಸಲ್ ದಿನ ಹೆನ್ರಿಯ ಯೋಜನೆ ಕುಸಿಯಿತು. "ಎಲ್ಲರದ್ದೂ ಬಲಗಾಲು, ಆಯ್ತಾ? ಕ್ಯಾಮರಾ ಬಲಗಡೆ ಉಂಟು, ಪರದೆ ಮೇಲೆ ಕ್ಲೋಸ್‌ಅಪ್ ಬರ್ತದೆ," ಎಂದರು ವಿಲ್ಫ್ರೆಡ್‌ಬಾಬ್. ಫಾದರ್ ಅವರ ಉಡುಪಿಗೆ ಸಣ್ಣದೊಂದು ಮೈಕು ಸಿಕ್ಕಿಸಲಿತ್ತು. ನೀರಿನ ಸದ್ದು ಕೆನಡಾದವರಿಗೂ ಕೇಳಬೇಕು, ಏನೇ ಆದರೂ ಸೌಂಡ್ ಕಡಿಮೆ ಮಾಡಬಾರದು ಎಂದು ಮೈಕಿನವರಿಗೆ ತಾಕೀತಾಯಿತು. ನಾನು ಸಂಚಾಲಕರನ್ನು ಪಕ್ಕಕ್ಕೆ ಕರೆದೆ.

"ಕ್ಲೋಸ್‌ಅಪ್ ಬೇಡ ವಿಲ್ಫ್ರೆಡ್‌ಬಾಬ್. ವಯಸ್ಸಾದವರ ಕಾಲು, ಎಂತ ಚೆಂದ?"

"ಅದೇ ಹೈಲೈಟ್ ಅಲ್ವಾ ಟೀಚರ್! ನಿಮ್ಮವರ ಕಾಲು ನಿಮ್ಮ ತಂಗಿ ದುಬೈಯಲ್ಲಿ ನೋಡ್ಬೇಡ್ವಾ?"

ಆಣೆ ಅಡ್ಡ ಬಂತು. ಮನೆಗೆ ಬಂದು, ಜ್ವರವೆಂದು ಹೇಳಿ ಮಲಗಿಬಿಡಿ ಎಂದೆ. "ಜ್ವರ ಅಂದ್ರೆ ನೋಡ್ಲಿಕ್ಕೆ ಬರ್ತಾರೆ," ಎಂದರು ಹೆನ್ರಿ. ಗುರುವಾರ ಮಧ್ಯಾಹ್ನ ಕಟರ್ ಹಿಡಿದು ಒಳಗೆ ಹೋದವರು ಬಹಳ ಹೊತ್ತು ಹೊರಗೆ ಬರಲಿಲ್ಲ. ಉಳಿದ ಬೆರಳುಗಳಾದರೂ ಒಪ್ಪವಾಗಿರಲೆಂಬ ಆಸೆಯಿರಬೇಕು. ಬಾಗಿಲ ಹೊರಗೆ ನಿಂತು ನಾನು ಆ ದಿನ ಮಾಡಿದ ಪ್ರಾರ್ಥನೆ ಸಂತ ಅಂತೋನಿಯವರ ಇಲಾಖೆಗೆ ಸೇರಿದ್ದಾಗಿರಲಿಲ್ಲ.

ಸಂಜೆಯ ಪೂಜೆಗೆ ಚರ್ಚು ಕಿಕ್ಕಿರಿದಿತ್ತು. ನಮ್ಮದು ಹನ್ನೆರಡನೆಯ ವಾರ್ಡಾದ್ದರಿಂದ ಹೆನ್ರಿಯದು ಕೊನೆಯ ಕುರ್ಚಿ. ಪರದೆಯ ಮೇಲೆ ಒಂದೊಂದಾಗಿ ಮಿರುಗುವ ಹಿಮ್ಮಡಿಗಳು ಬಂದುಹೋದವು. ಅವನ್ನು ನೋಡಿದರೆ ಇವರು ಯಾರೂ ನೆಲದ ಮೇಲೆ ನಡೆದವರಲ್ಲ ಎನಿಸುತ್ತಿತ್ತು. ಫಾದರ್ ಅವರಿಗೂ ವಯಸ್ಸಾಗಿತ್ತು, ಪ್ರತಿ ಕುರ್ಚಿಯ ಮುಂದೆ ಮಂಡಿಯೂರಿ ಏಳುವುದು ತಡವಾಗಿ, ಗಾಯನವೃಂದದ ಹಾಡು ಹತ್ತನೆಯ ಪಾದಕ್ಕೇ ಮುಗಿದುಹೋಯಿತು. ಅವರು ಹೆನ್ರಿಯ ಮುಂದೆ ಕುಳಿತಾಗ ಫ್ಯಾನಿನ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಹೆನ್ರಿಯ ಕೈ ಕಾಲುಚೀಲದ ಅಂಚಿನಲ್ಲೇ ನಿಂತಿತ್ತು. ಯೇಸು ಪಾದ ತೊಳೆದ ಸಂಜೆ ಶಿಷ್ಯ ಪೇತ್ರನೂ ನನ್ನ ಪಾದ ಬೇಡ ಎಂದು ಹಿಂದೆಗೆದನಂತೆ. ಅದು ವಿನಯ ಎಂದೇ ನಾನು ತಿಳಿದಿದ್ದೆ. ಅವನ ಕಾಲಿಗೂ ಏನೋ ಆಗಿದ್ದಿರಬಹುದು ಎಂದು ಮೊದಲ ಸಲ ಅನಿಸಿತು.

ಫಾದರ್ ತಾವೇ ಮೆಲ್ಲಗೆ ಕಾಲುಚೀಲ ಕಳಚಿದರು. ಪರದೆಯ ಮೇಲೆ ಆಳೆತ್ತರದ ಪಾದ ಮೂಡಿತು, ಒಂದು ಬೆರಳಿನ ಜಾಗ ಖಾಲಿ. ನಾನು ಕಣ್ಣು ಮುಚ್ಚಿದೆ. ಆಗ ಎಂಟು ದಿಕ್ಕಿನ ಸ್ಪೀಕರುಗಳಿಂದ ಫಾದರ್ ಪಿಸುಮಾತು ಕೇಳಿಸಿತು. ಉಡುಪಿನ ಮೈಕು ಅವರಿಗೆ ಮರೆತೇಹೋಗಿತ್ತು.

"ಶುಗರಾ ಹೆನ್ರಿ?"

"ಹೌದು ಫಾದರ್."

"ನನ್ನದು ಎಡಗಾಲಿನದ್ದು ಹೋದದ್ದು, ಕಿರುಬೆರಳು. ಇಲ್ಲಿಗೆ ಬರುವ ಮೊದಲು. ಉಗುರು ಯಾರು ತೆಗೀತಾರೆ?"

"ನಾನೇ."

"ನೀನೇ ತೆಗೀಬಾರದು ಮಾರಾಯ! ಹಾಗೆ ತೆಗೆದೇ ನನ್ನದು ಹೋದದ್ದು. ಟೀಚರ್ ಇದ್ದಾರಲ್ವಾ ಮನೆಯಲ್ಲಿ? ನನಗಾದ್ರೆ ಯಾರೂ ಇಲ್ಲ. ನಿನಗೆ ಎಂತ ಆಗಿದೆ?"

ವಿಲ್ಫ್ರೆಡ್‌ಬಾಬ್ ಮೈಕಿನವರ ಕಡೆ ಎರಡೂ ಕೈ ಬೀಸುತ್ತ ಓಡಿದರು. ಸೌಂಡ್ ಹೆಚ್ಚು ಮಾಡಲು ಹೇಳಿದ್ದೆಂದು ತಿಳಿದ ಆ ಪುಣ್ಯಾತ್ಮ ಇನ್ನಷ್ಟು ಏರಿಸಿದ. ಹಾಗಾಗಿ ನೀರು ಬಿದ್ದ ಸದ್ದೂ, ಫಾದರ್ ಆ ಪಾದಕ್ಕೆ ಮುತ್ತಿಟ್ಟ ಸದ್ದೂ, ಹೆನ್ರಿ ಮೂಗು ಒರೆಸಿಕೊಂಡ ಸದ್ದೂ ಕೆನಡಾದವರೆಗೆ ಕೇಳಿಸಿತು. ಯಾರೂ ನಗಲಿಲ್ಲ. ನಾನು ಮಾತ್ರ ತಲೆಗೆ ಹೊದ್ದ ಮಂತಿಲದ ಸೆರಗು ಬಾಯಿಗೆ ಒತ್ತಿಕೊಂಡು ಅತ್ತೆ, ನಾಚಿಕೆಯಿಲ್ಲದೆ ಅತ್ತೆ.

ಪೂಜೆಯ ನಂತರ ಸಂಚಾಲಕರು ಬೆವರೊರೆಸಿಕೊಳ್ಳುತ್ತ ಕ್ಷಮೆ ಕೇಳಿದಾಗ ಫಾದರ್, "ಹೋಗ್ಲಿ ಬಿಡು ವಿಲ್ಫ್ರೆಡ್. ನನ್ನ ಪ್ರಸಂಗ ಜನ ನಿದ್ದೆ ಮಾಡದೆ ಕೇಳಿದ್ದು ಇದೇ ಮೊದಲು," ಎಂದರು. ಮರುದಿನ ಶಿಲುಬೆಯ ವಂದನೆಗೆ ಅವರು ಬೂಟು ಕಳಚಿ ಬಂದರು. ಆ ಬಗ್ಗೆ ಊರು ಒಂದು ಮಾತೂ ಆಡಲಿಲ್ಲ. ನಮ್ಮ ಊರನ್ನು ಬಲ್ಲ ನಿಮಗೆ ಇದು ಎಷ್ಟು ದೊಡ್ಡ ಪವಾಡವೆಂದು ವಿವರಿಸಬೇಕಾಗಿಲ್ಲ.

ಈಸ್ಟರ್ ಸಂಭ್ರಮ ಸಮಿತಿಯ ಉಳಿದ ಕಾರ್ಯಕ್ರಮಗಳು ಯೋಜನೆಯಂತೆ ಕೆಟ್ಟವು. ಮಕ್ಕಳು ಹುಡುಕಲೆಂದು ಅಡಗಿಸಿದ ಮೊಟ್ಟೆಗಳನ್ನು ಕಾಗೆಗಳು ಮೊದಲೇ ಹುಡುಕಿಕೊಂಡವು. ಮೊಲ ಸೆಕೆಗೆ ತಲೆ ತಿರುಗಿ ಕೂತು ಎಳನೀರು ಕುಡಿಯಿತು. ಸಭಾಭವನದ ಹಿಂದೆ ಮಾತ್ರ ಯಾವ ಸಮಿತಿಯೂ ಯೋಜಿಸದ ಕಾರ್ಯಕ್ರಮವೊಂದು ನಡೆದಿತ್ತು. ಗಂಡಸರು ಒಬ್ಬೊಬ್ಬರೇ ಹೆನ್ರಿಯ ಬಳಿ ಬಂದು, ಅತ್ತಿತ್ತ ನೋಡಿ, ಬೂಟು ಕಳಚಿ ತೋರಿಸುತ್ತಿದ್ದರು. ಗ್ರಾನೈಟಿನವರಿಗೆ ಹಿಮ್ಮಡಿಯಲ್ಲಿ ಆರದ ಗಾಯ, ಫ್ಯಾನಿನವರಿಗೆ ಪಾದ ಜೋಮು. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಡಾಕ್ಟರ ಬಗ್ಗೆ ವಿಚಾರಿಸುತ್ತಿದ್ದುದನ್ನು ನಾನು ನನ್ನ ಕಣ್ಣಾರೆ ಕಂಡೆ.

ಅಂದು ಊಟವಾದ ಮೇಲೆ ಹೆನ್ರಿ ಕಟರ್ ಹುಡುಕಿ ತಂದರು. ಸ್ನಾನದ ಕೋಣೆಗೆ ಹೋಗಲಿಲ್ಲ. ಜಗಲಿಯಲ್ಲಿ ನನ್ನೆದುರು ಕುರ್ಚಿ ಎಳೆದುಕೊಂಡು ಬಲಗಾಲನ್ನು ನನ್ನ ಮಡಿಲಲ್ಲಿಟ್ಟರು. ಎರಡು ವರ್ಷ ಬೆಳಕು ಕಾಣದ ಪಾದ ಬಿಳಿಚಿಕೊಂಡು ಮೆತ್ತಗಾಗಿತ್ತು. ಹೆಬ್ಬೆರಳ ಉಗುರಿನ ಅಂಚಿನಲ್ಲಿ ಗುರುವಾರದ ಹೊಸದೊಂದು ಗೀರು, ಅದೃಷ್ಟಕ್ಕೆ ಒಣಗುತ್ತಿತ್ತು. ಅವರು ಅಂದಾಜಿನಲ್ಲಿ ಅರ್ಧಂಬರ್ಧ ಕತ್ತರಿಸಿ ಬಿಟ್ಟಿದ್ದ ಉಗುರುಗಳನ್ನು ನೇರಕ್ಕೆ, ಮೂಲೆ ಕೊರೆಯದಂತೆ ತೆಗೆದು ಕಟರ್ ಮಡಚಿದೆ.

"ಒಳಗಿಡ್ಬೇಡ," ಎಂದರು ಹೆನ್ರಿ. "ನಾಳೆ ಫಾದರ್ ಊಟಕ್ಕೆ ಬರ್ತಾರೆ. ನಾನು ಕರೆದಿದ್ದೇನೆ."

"ನಿಮಗೆ ಬಗ್ಗಲಿಕ್ಕೆ ಆಗ್ತದಾ?"

"ನನ್ನ ಕಾಲಿಗೆ ಆಗುದಿಲ್ಲ. ಅವರದ್ದು ಸ್ಟೂಲಿನ ಮೇಲೆ ಇಡ್ಲಿ."

ಈಗ ಕಟರಿಗೆ ಜಗಲಿಯ ಕಿಟಕಿಯ ದಂಡೆಯೇ ಖಾಯಂ ವಿಳಾಸ. ಸಂತ ಅಂತೋನಿಯವರಿಗೆ ಆ ಮಟ್ಟಿಗೆ ಬಿಡುವು. ಆಗಾಗ ಒಂದು ಮಧ್ಯಾಹ್ನ ನಮ್ಮ ಮೆಟ್ಟಿಲ ಬಳಿ ಎರಡು ಜತೆ ಬೂಟುಗಳು ಕಾಣುತ್ತವೆ. ಜಗಲಿಯಿಂದ ಟಕ್, ಟಕ್ ಎಂಬ ಸದ್ದು ಕೇಳುತ್ತದೆ, ನಾನು ಒಳಗೆ ನಿಶ್ಚಿಂತೆಯಿಂದ ಬಂಗುಡೆ ಹುರಿಯುತ್ತಿರುತ್ತೇನೆ.