ಅಪ್ಪನ ಮುಖ ಬಿಡಿಸಿದವರು

ಅವರ ಬಲಗೈ ಕಿರುಬೆರಳಿನ ಅಂಚು ಸದಾ ಕಪ್ಪು. ಎಷ್ಟು ಉಜ್ಜಿದರೂ ಹೋಗದ ಮಸಿ. ಸ್ವೀಡನ್ನಿನ ಮಾಲ್ಮೋ ಊರಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಕೆಳಗಿನ ಮನೆಯಲ್ಲಿದ್ದ ಆ ಫ್ರೆಂಚ್ ಮುದುಕರಿಗೆ ನನ್ನ ಮಗಳು ಇಟ್ಟ ಹೆಸರು ವಿಮಾನ ತಾತ. ಇಲ್ಲಿನ ಹುಡುಗಿಯನ್ನು ಮದುವೆಯಾಗಿ ಬಂದವರು, ಹೆಂಡತಿ ತೀರಿಹೋದ ಮೇಲೂ ಇಲ್ಲೇ ಉಳಿದಿದ್ದರು.

ಹರೆಯದಲ್ಲಿ ಪ್ಯಾರಿಸ್ಸಿನ ಮಕ್ಕಳ ವಾರಪತ್ರಿಕೆಯೊಂದಕ್ಕೆ ಯುದ್ಧವಿಮಾನಗಳ ಕಾಮಿಕ್ಸ್ ಬರೆಯುತ್ತಿದ್ದರಂತೆ. ಆಮೇಲೆ ಪುಸ್ತಕದ ಮೇಲೆ ಪುಸ್ತಕ. ಮೊದಲು ನೆಲದ ಮೇಲಿನ ನೆರಳು ಬಿಡಿಸಿ, ಆಮೇಲೆ ವಿಮಾನ ಬಿಡಿಸುವುದು ಅವರ ಪದ್ಧತಿ. "ನೆರಳು ಸುಳ್ಳಾದರೆ ವಿಮಾನ ಹಾರೋದಿಲ್ಲ" ಎನ್ನುತ್ತಿದ್ದರು. ಎಂಥ ಸತ್ಯವಂತರಪ್ಪ ಅಂದುಕೊಂಡಿದ್ದೆ, ನನ್ನ ಕರ್ಮ.

ಜೀವಮಾನವೆಲ್ಲ ಪೈಲಟ್‌ಗಳನ್ನೇ ಬಿಡಿಸಿದವರಿಗೆ ಕೊನೆಯ ಪುಸ್ತಕಕ್ಕೆ ಒಬ್ಬ ಮೆಕ್ಯಾನಿಕ್ ಬೇಕಾಗಿತ್ತು. ಒಂದು ಭಾನುವಾರ ಫಿಕಾಗೆ, ಅಂದರೆ ಇಲ್ಲಿನವರ ಕಾಫಿಕೂಟಕ್ಕೆ ಕರೆದು, ಕಾಫಿ, ಬನ್ನು ಮುಂದಿಟ್ಟು, ವಾಯುಪಡೆಯಲ್ಲಿ ಮೆಕ್ಯಾನಿಕ್ ಆಗಿದ್ದ ನಮ್ಮಪ್ಪನ ಬಗ್ಗೆ ಕೇಳಿದರು. ಹೆಮ್ಮೆ ತಡೆಯಲಾಗದೆ ಬಾಯಿಬಿಟ್ಟೆ. ಅಲ್ಲಿನ ನಿಯಮವೆಂದರೆ, ವಿಮಾನದ ಕೆಲಸ ಮುಗಿದ ಮೇಲೆ ಪ್ರತಿ ಸ್ಪ್ಯಾನರೂ ಹಲಗೆಯ ಮೇಲೆ ಅದರದೇ ಆಕಾರ ಬರೆದ ಜಾಗಕ್ಕೆ ವಾಪಸಾಗಬೇಕು. ಒಂದು ಜಾಗ ಖಾಲಿಯಿದ್ದರೂ ವಿಮಾನ ಏಳುವಂತಿಲ್ಲ. ಒಮ್ಮೆ ಒಂದು ಸ್ಪ್ಯಾನರ್ ಕಾಣಲಿಲ್ಲ. ಹೊರಟಿದ್ದ ವಿಮಾನಕ್ಕೆ ಅಪ್ಪ ಅಡ್ಡ ನಿಂತರು. ಆಫೀಸರ್ ಬಾಯಿಗೆ ಬಂದಂತೆ ಬೈದರು. ಹುಡುಕಿದರೆ ಅದು ಎಂಜಿನ್ನಿನ ಬಾಯಲ್ಲೇ ಇತ್ತು, ಬಿಟ್ಟವನು ಇನ್ಯಾರೋ. ಇಷ್ಟೂ ಹೇಳಿ, ಅಪ್ಪನ ಹಳೆಯ ಫೋಟೊ ಕೊಟ್ಟೆ, ಪುಸ್ತಕ ಕಳಿಸಲಿ ಎಂದು ಬೆಂಗಳೂರಿನ ವಿಳಾಸವನ್ನೂ ಕೊಟ್ಟೆ.

ಪುಸ್ತಕ ನನಗಿಂತ ಮೊದಲು ಅಪ್ಪನನ್ನೇ ತಲುಪಿತು. ಅಪ್ಪನಿಗೆ ಫ್ರೆಂಚ್ ಬಾರದು, ಆದರೆ ಚಿತ್ರ ನೋಡಲು ಭಾಷೆ ಯಾಕೆ ಬೇಕು? ವಿಡಿಯೊ ಕಾಲ್ ಮಾಡಿ ಪುಟ ತಿರುವಿ ತೋರಿಸಿದರು. ಅಪ್ಪನದೇ ಮೀಸೆ, ಅಪ್ಪನದೇ ಕಣ್ಣು. ಹಲಗೆಯಲ್ಲಿ ಒಂದು ಜಾಗ ಖಾಲಿ. ಮೆಕ್ಯಾನಿಕ್ ಹೆದರಿ ತಲೆತಗ್ಗಿಸಿ ಸುಮ್ಮನಾಗುತ್ತಾನೆ. ಮುಂದಿನ ಪುಟದಲ್ಲಿ ವಿಮಾನ ಬಿದ್ದು ಉರಿಯುತ್ತಿದೆ.

"ಚೆನ್ನಾಗೇ ಬರ್ದಿದಾರೆ ಕಣಮ್ಮ," ಎಂದರು ಅಪ್ಪ. "ಆದ್ರೆ ನಾನು ಸುಮ್ನಿರ್ಲಿಲ್ವಲ್ಲ. ನೀನು ಸರಿಯಾಗಿ ಹೇಳ್ಲಿಲ್ವಾ?"

ದಡದಡ ಮೆಟ್ಟಿಲಿಳಿದು ಹೋಗಿ ಕೇಳಿದೆ. ಅವರು ಬ್ರಶ್ ತೊಳೆಯುತ್ತಿದ್ದರು.

"ಕಥೆಗೆ ವಿಮಾನ ಬೀಳಲೇಬೇಕಿತ್ತು," ಎಂದರು ಇಂಗ್ಲಿಷಿನಲ್ಲಿ, ತಣ್ಣಗೆ. "ನಿಂತ ವಿಮಾನವನ್ನ ಯಾರು ನೋಡ್ತಾರೆ? ಆದರೆ ಮುಖ ಎಷ್ಟು ಚೆನ್ನಾಗಿ ಬಂದಿದೆ, ನೀವೇ ಹೇಳಿ."

"ಅದು ಬರೀ ಮುಖ ಅಲ್ಲ, ನಮ್ಮಪ್ಪ," ಎಂದವಳೇ ಬಾಗಿಲು ಎಳೆದುಕೊಂಡು ಬಂದೆ. ನಂಬಿ ಹೇಳಿದ್ದಕ್ಕೆ ಇದಾ ಬೆಲೆ? ಆಮೇಲೆ ಲಿಫ್ಟಿನಲ್ಲಿ ಸಿಕ್ಕರೂ ಮುಖ ತಿರುಗಿಸಿದೆ. ಮಗಳು ಮಾತ್ರ ಕೈಬೀಸುತ್ತಿದ್ದಳು, ಅವರೂ ಬೀಸುತ್ತಿದ್ದರು.

ಈ ಚಳಿಗಾಲದಲ್ಲಿ ಅವರು ತೀರಿಕೊಂಡರು. ದೊಡ್ಡ ಕಲಾವಿದ ಎಂದು ಎಲ್ಲರೂ ಹೊಗಳಿದರು. ಇರಬಹುದು, ನನಗೆ ಅಳು ಬರಲಿಲ್ಲ. ಸುದ್ದಿ ಹೇಳೋಣವೆಂದು ಅಪ್ಪನಿಗೆ ಫೋನ್ ಮಾಡಿದೆ.

"ಅಯ್ಯೋ ಪಾಪ," ಎಂದರು ಅಪ್ಪ. ಆಮೇಲೆ ಮೆಲ್ಲಗೆ ಕೇಳಿದರು, "ಹಂಗಾದ್ರೆ ಆ ಪುಟಾನ ಇನ್ಯಾರು ತಿದ್ತಾರಮ್ಮ?"