ಬೂಟು ಬಿಚ್ಚಿಸಿದ ಮುನಿಶಾಮಣ್ಣ

ಬೂದಿಗೆರೆಯ ಮುನಿಶಾಮಣ್ಣನ ಮನೆಗೆ ಹೋದವರು ಯಾರೂ ಸುಮ್ಮನೆ ಕೂತು ಎದ್ದು ಬಂದದ್ದಿಲ್ಲ. ಬೀಗರಾದರೂ ಸರಿ, ಕಾಫಿಗೆ ಮೊದಲು ಮುಂದೆ ಒಂದು ಮೊರ ಅವರೆಕಾಯಿ ಬರುತ್ತಿತ್ತು. "ಮಾತಾಡ್ತಾ ಸುಲೀರಿ, ಕೈಗೇನು ಕಿವಿ ಐತಾ?" ಎನ್ನುತ್ತಿದ್ದರು.

ಯುದ್ಧದ ಕಾಲದಲ್ಲಿ ನಮ್ಮೂರ ಪಕ್ಕ ಬಿಳಿ ಸೋಲ್ಜರುಗಳ ಕ್ಯಾಂಪ್ ಬಿದ್ದಿತ್ತು. ನಾನು ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವನು. ಕ್ಯಾಂಪಿಗೆ ಗಾಡಿಯಲ್ಲಿ ತರಕಾರಿ ಹೊಡೆಯುತ್ತಲೇ ಇಂಗ್ಲಿಷ್ ಕಲಿತೆ. ಅದು ಯಾವ ಮೇಷ್ಟರೂ ಕೊಟ್ಟದ್ದಲ್ಲ, ನನ್ನದೇ ದುಡಿಮೆ. ಒಂದು ದಿನ ಆ ಸೋಲ್ಜರುಗಳು, ಸ್ಕಾಟ್ಲೆಂಡಿನವರಿಗೂ ವೇಲ್ಸಿನವರಿಗೂ ರಗ್ಬಿ ಪಂದ್ಯವಿದೆ, ಬಯಲು ಬೇಕು ಎಂದರು. ಕೊಯ್ಲು ಮುಗಿದು ಹೊಲ ಖಾಲಿಯಿದ್ದ ಮುನಿಶಾಮಣ್ಣನನ್ನು ಕೇಳಿದೆ.

"ಅದ್ರಲ್ಲಿ ಏನ್ಲಾ ಮಾಡ್ತಾರೆ?"

"ಎಂಟೆಂಟು ಜನ ತಲೆ ಕೊಟ್ಟು ಟಗರಿನಂಗೆ ತಳ್ಳಾಡ್ತಾರಣ್ಣ."

ಅವರ ಮುಖ ಅರಳಿತು. ರಾಗಿ ಕೊಯ್ದು ಮೆದೆ ಹಾಕಿಯಾಗಿತ್ತು, ಒಕ್ಕಣೆ ಮಾಡಲು ಕಣ ಸಿದ್ಧವಾಗಿರಲಿಲ್ಲ. ನೀರು ಚಿಮುಕಿಸಿ ನೆಲ ಗಟ್ಟಿಯಾಗುವ ಹಾಗೆ ತುಳಿಸೋಣವೆಂದರೆ ಎತ್ತು ಕುಂಟುತ್ತಿತ್ತು. ಮೇಲೆ ಮೋಡ ಬೇರೆ. ಮೆದೆ ನೆನೆದರೆ ವರ್ಷದ ಮುದ್ದೆ ಹೋದ ಹಾಗೆ.

"ಬರಕ್ಕೇಳು. ಬಾಡಿಗೆ ಬ್ಯಾಡ."

ಹಿಂದಿನ ಸಂಜೆಯೇ ಹೊಲದ ನಡುವೆ ಕಣದ ಜಾಗದ ಕೂಳೆ ಕಿತ್ತು ನೀರು ಹಾಕಿಟ್ಟರು. ಆಟ ಶುರುವಾಯಿತು. ತಳ್ಳಾಟ ಅಲ್ಲಿಗೆ ಬಂದಾಗಲೆಲ್ಲ "ಅಲ್ಲೇ, ಅಲ್ಲೇ ತುಳೀರಪ್ಪಾ" ಎಂದು ಹುರಿದುಂಬಿಸುವರು. ಯಾವನಾದರೂ ಚೆಂಡು ಹಿಡಿದು ಓಡಿದರೆ, "ನೋಡ್ಲಾ, ಮೈಗಳ್ಳ" ಎಂದು ಬೈಯುವರು.

ಅರ್ಧ ಆಟಕ್ಕೆ ಹೋಗಿ ನೋಡಿದರೆ ಕಣದ ತುಂಬ ತೂತು. ಬೂಟುಗಳ ಅಟ್ಟೆಗೆ ಗೋಲಿ ಗಾತ್ರದ ಗುಬುಟುಗಳಿದ್ದವು. ಮುನಿಶಾಮಣ್ಣ ಚೆಂಡನ್ನು ಎತ್ತಿಕೊಂಡು ಕಣದ ಮಧ್ಯೆ ಅದರ ಮೇಲೆಯೇ ಕೂತುಬಿಟ್ಟರು. ಸ್ಕಾಟ್ಲೆಂಡಿನ ಕ್ಯಾಪ್ಟನ್ ಕೆಂಪಗಾಗಿ ಬಂದ.

"ಬಿಚ್ಚಕ್ಕೇಳ್ಲಾ. ಕಣಕ್ಕೆ ಯಾರಾದ್ರೂ ಮೆಟ್ ಹಾಕ್ಕೊಂಡು ಬರ್ತಾರಾ?"

ಇದು ಅನ್ನದ ಜಾಗ, ನಮಗೆ ದೇವಸ್ಥಾನವಿದ್ದಂತೆ ಎಂದು ನನಗೆ ಬಂದಷ್ಟು ಇಂಗ್ಲಿಷಿನಲ್ಲಿ ಹೇಳಿದೆ. ಆತ ಮೆದೆ ನೋಡಿದ, ಮೋಡ ನೋಡಿದ, ಕೂತು ತನ್ನ ಬೂಟಿನ ದಾರ ಬಿಚ್ಚಿದ. ಹಿಂದೆಯೇ ಎಲ್ಲರೂ ಬಿಚ್ಚಿದರು.

ಬರಿಗಾಲಲ್ಲಿ ಹೊರಗೆ ಓಡಿದರೆ ಕೂಳೆ ಚುಚ್ಚುತ್ತಿತ್ತು. ಹಾಗಾಗಿ ಉಳಿದರ್ಧ ಆಟವೆಲ್ಲ ಕಣದಲ್ಲೇ ನಡೆಯಿತು. ಯಾರೂ ಗೆಲ್ಲಲಿಲ್ಲ. ಕಣ ಮಾತ್ರ ಕಡಪ ಕಲ್ಲಿನ ಹಾಗಾಯಿತು. ಮಳೆ ಹಿಡಿಯುವ ಹೊತ್ತಿಗೆ ರಾಗಿ ಮನೆ ಸೇರಿತ್ತು.

ಮುನಿಶಾಮಣ್ಣನನ್ನು ಕೊನೆಯ ಸಲ ಕಂಡಾಗ ಅವರಿಗೆ ವಯಸ್ಸು ತೊಂಬತ್ತು ದಾಟಿತ್ತು. ಕೇಬಲ್ ಟಿ.ವಿ.ಯಲ್ಲಿ ರಗ್ಬಿ ನೋಡಿದ್ದೆ, ಹೇಳಲು ಹೋಗಿದ್ದೆ.

"ಈಗ ಚೆಂಡು ಹಿಡಿಯಕ್ಕೆ ಮನುಷ್ಯನ್ನೇ ಮೇಲೆತ್ತುತಾರಣ್ಣ. ಸುಸ್ತಾದ್ರೆ ಬೇರೆಯೋನು ಬರ್ತಾನೆ."

"ಬರ್ಲಿ. ನೆಲ?"

"ಜಮಖಾನ ಹಾಸ್ದಂಗೆ ಹುಲ್ಲು."

"ಕಾಲಿಗೆ?"

"ಬೂಟೇ. ಬಣ್ಣಬಣ್ಣದ್ದು."

ಅವರು ಅವರೆಕಾಯಿ ಮೊರವನ್ನು ನನ್ನ ಮುಂದಕ್ಕೆ ತಳ್ಳಿದರು.

"ಹಂಗಾದ್ರೆ ಆ ಸೋಲ್ಜರುಗಳು ಊರಿಗೆ ಹೋಗಿ ಯಾರ್ಗೂ ಹೇಳ್ಲೇ ಇಲ್ಲ ಅನ್ನು," ಎಂದರು.